ಕೇಳಿಸಿಕೊಳ್ಳೋಕೂ ಎರಡು ವರ್ಷ ಓದಬೇಕಾ?

ಅಕ್ಕನ ಮಗಳು ದಾವಣಗೆರೆಯಲ್ಲಿ ಬಿ.ಎ. ಮುಗಿಸಿದಳು. ಓದಿದ್ದರಲ್ಲಿ ಒಂದು ಸಬ್ಜೆಕ್ಟ್ ಸೈಕಾಲಜಿ. ಮುಂದೇನಮ್ಮ ಅಂತ ಕೇಳಿದವರಿಗೆಲ್ಲ "ಕೌನ್ಸೆಲಿಂಗ್ ಮಾಡ್ತೀನಿ" ಅನ್ನುತ್ತಿದ್ದಳು. ಪಕ್ಕದ ಮನೆಯವರು "ಕೌನ್ಸೆಲಿಂಗಲ್ಲಿ ಯಾವ ಕಾಲೇಜ್ ಸಿಕ್ತು?" ಅಂದರು. ಮೇಷ್ಟ್ರಾಗಿರುವ ನನ್ನ ಗೆಳೆಯನಿಗೆ ನೆನಪಾಗಿದ್ದು ವರ್ಗಾವಣೆ ಕೌನ್ಸೆಲಿಂಗ್. ಪಾಪ, ಅವರ ತಪ್ಪೇನೂ ಇಲ್ಲ. ನಮ್ಮ ಕಡೆ ಆ ಪದ ಕೇಳಿದರೆ ಕಣ್ಣಿಗೆ ಬರುವುದು ಸಿ.ಇ.ಟಿ. ಸೀಟು, ಇಲ್ಲವೇ ಮೇಷ್ಟ್ರ ಟ್ರಾನ್ಸ್‌ಫರ್.

ಕೊನೆಗೆ ಅವಳೇ ಬಿಡಿಸಿ ಹೇಳಿದಳು. ಮನಸ್ಸಿಗೆ ಕಷ್ಟ ಆದವರು ಬಂದು ಮಾತಾಡ್ತಾರೆ, ನಾನು ಕೇಳಿಸಿಕೊಂಡು ಸಹಾಯ ಮಾಡ್ತೀನಿ, ಅದಕ್ಕೆ ಎರಡು ವರ್ಷದ ಪಿ.ಜಿ. ಮಾಡಬೇಕು. ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ ನಮ್ಮವ್ವ ತಲೆ ಎತ್ತಿದಳು. "ಕೇಳಿಸ್ಕೊಳ್ಳಾಕೂ ಎರಡು ವರ್ಷ ಓದ್ಬೇಕೇನೇ?"

ಎಲ್ಲರೂ ನಕ್ಕೆವು. ಆದರೆ ಸರಿಯಾದ ಉತ್ತರ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಅವಳ ಜೊತೆ ಕೂತು ಹುಡುಕಿದಾಗ, ಗೊತ್ತಿದ್ದವರನ್ನು ಕೇಳಿದಾಗ ತಿಳಿದಿದ್ದು ಇಷ್ಟು.

ಈಗ್ಯಾಕೆ ಈ ಮಾತು ಎದ್ದಿತು?

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ಹುಡುಗಿಯೊಬ್ಬಳ ಸಾವಿನ ಪ್ರಕರಣ ಅದು. ಅದರಲ್ಲಿ ಇಡೀ ದೇಶದ ಶಾಲೆ, ಕಾಲೇಜು, ಕೋಚಿಂಗ್ ಸೆಂಟರ್, ಹಾಸ್ಟೆಲ್‌ಗಳಿಗೆ ಅನ್ವಯಿಸುವ ಹಾಗೆ ಕೋರ್ಟ್ ಕೆಲವು ಸೂಚನೆ ಕೊಟ್ಟಿತು. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸಮಾಜ ಕಾರ್ಯಕರ್ತರನ್ನು ಇಟ್ಟುಕೊಳ್ಳಬೇಕು. ಅವರಿಗೆ ಮಕ್ಕಳ, ಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಆಗಿರಬೇಕು. 100ಕ್ಕಿಂತ ಕಡಿಮೆ ಮಕ್ಕಳಿದ್ದರೆ ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಂಡರೆ ಸಾಕು.

ದಾವಣಗೆರೆಯಂಥ ಊರಿಗೆ ಇದು ಸಣ್ಣ ಮಾತಲ್ಲ. ಚನ್ನಗಿರಿ, ಹೊನ್ನಾಳಿ, ಜಗಳೂರು, ಹೊಳಲ್ಕೆರೆ ಕಡೆಯಿಂದ ಮಕ್ಕಳು ಪಿ.ಯು.ಗೆ, ಕೋಚಿಂಗಿಗೆ ಅಂತ ಇಲ್ಲಿಗೆ ಬಂದು ಹಾಸ್ಟೆಲ್, ಪೇಯಿಂಗ್ ಗೆಸ್ಟ್ ಮನೆಗಳಲ್ಲಿ ಇರುತ್ತಾರೆ. 100 ಮಕ್ಕಳಿಲ್ಲದ ಕಾಲೇಜನ್ನು ಇಲ್ಲಿ ಹುಡುಕಬೇಕು.

ಅದೇ ಹೊತ್ತಿಗೆ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯು.ಜಿ.ಸಿ. ಕಡೆಯಿಂದ ಇನ್ನೊಂದು ಸುದ್ದಿ ಬಂತು. 2025ರ ಜುಲೈ-ಆಗಸ್ಟ್ ಸಾಲಿನಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಸೈಕಾಲಜಿಗೆ ಹೊಸ ಪ್ರವೇಶ ಕೊಡುವಂತಿಲ್ಲ. ಕೆಲಸ ಮಾಡಿಕೊಂಡು, ಮನೆ ನೋಡಿಕೊಂಡು, ಪೋಸ್ಟಿನಲ್ಲಿ ಬಂದ ಪುಸ್ತಕ ಓದಿ ಎಂ.ಎಸ್‌ಸಿ. ಸೈಕಾಲಜಿ ಮಾಡೋಣ ಅಂದುಕೊಂಡಿದ್ದವರಿಗೆ ಆ ಬಾಗಿಲು ಮುಚ್ಚಿತು. ಯಾಕೆ ಮುಚ್ಚಿದರು ಅನ್ನುವುದು ತರಬೇತಿಯ ಒಳಗೆ ಹೊಕ್ಕು ನೋಡಿದರೆ ತಾನಾಗೇ ಗೊತ್ತಾಗುತ್ತದೆ.

ಡಾಕ್ಟರಾ, ಸೈಕಾಲಜಿಸ್ಟಾ, ಕೌನ್ಸೆಲರಾ?

ಮೊದಲು ಯಾರು ಯಾರು ಅಂತ ತಿಳಿದುಕೊಳ್ಳೋಣ. ಹರಿಹರದ ಒಬ್ಬ ಹುಡುಗ ಎರಡು ತಿಂಗಳಿಂದ ಕಾಲೇಜಿಗೆ ಹೋಗಿಲ್ಲ, ರೂಮಿನಿಂದ ಆಚೆ ಬರುತ್ತಿಲ್ಲ ಅಂತ ಇಟ್ಟುಕೊಳ್ಳಿ.

ಅವನಿಗೆ ಮಾತ್ರೆ ಬೇಕಾ ಅಂತ ನೋಡಿ ಬರೆದುಕೊಡುವವರು ಸೈಕಿಯಾಟ್ರಿಸ್ಟ್, ಅಂದರೆ ಮನೋವೈದ್ಯರು. ಅವರು ಮೊದಲು ಎಂ.ಬಿ.ಬಿ.ಎಸ್. ಮಾಡಿ, ಆಮೇಲೆ ಮನೋವೈದ್ಯದಲ್ಲಿ ಎಂ.ಡಿ. ಮಾಡಿದ ಡಾಕ್ಟರು. ಪರೀಕ್ಷೆಗಳನ್ನು ಮಾಡಿ ಇದು ಖಿನ್ನತೆಯೇ, ಗೀಳೇ, ಕಲಿಕೆಯ ತೊಂದರೆಯೇ ಅಂತ ಗುರುತಿಸಿ, ಮಾತಿನ ಚಿಕಿತ್ಸೆ ಕೊಡುವವರು ಕ್ಲಿನಿಕಲ್ ಸೈಕಾಲಜಿಸ್ಟ್. ಇವರು ಮಾತ್ರೆ ಬರೆಯುವುದಿಲ್ಲ. ಮನೆಯ ಪರಿಸ್ಥಿತಿ ನೋಡಿ, ಅಪ್ಪ ಅಮ್ಮನ ಜೊತೆ ಮಾತಾಡಿ, ಕಾಲೇಜಿನವರನ್ನು ಕಂಡು, ಸರ್ಕಾರದ ಯಾವ ಸೌಲಭ್ಯ ಸಿಗುತ್ತದೆ ಅಂತ ಹುಡುಕಿಕೊಡುವವರು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು.

ಹಾಗಾದರೆ ಕೌನ್ಸೆಲರ್? ಬಹುತೇಕ ಸಲ ಈ ಮೂವರಿಗಿಂತ ಮುಂಚೆ ಆ ಹುಡುಗನ ಎದುರು ಕೂರುವವರೇ ಕೌನ್ಸೆಲರ್. ಪರೀಕ್ಷೆಯ ಭಯ, ಮನೆಯಲ್ಲಿ ಜಗಳ, ಪ್ರೀತಿ ಮುರಿದದ್ದು, ಹತ್ತಿರದವರ ಸಾವು, ಕುಡಿತ, ಮುಂದೇನು ಅನ್ನುವ ಗೊಂದಲ, ಇಂಥವುಗಳಲ್ಲಿ ಅವನ ಜೊತೆ ಕೂತು ದಾರಿ ಹುಡುಕುತ್ತಾರೆ. ಇದು ತನ್ನ ಕೈಮೀರಿದ್ದು ಅನ್ನಿಸಿದರೆ ಮೇಲಿನ ಮೂವರಲ್ಲಿ ಸರಿಯಾದವರ ಹತ್ತಿರ ಕಳಿಸುತ್ತಾರೆ. ಕಳಿಸುವುದು ಯಾವಾಗ ಅಂತ ತಿಳಿಯುವುದೇ ಅರ್ಧ ವಿದ್ಯೆ.

ಕನ್ನಡದಲ್ಲಿ ಇದಕ್ಕೆ ಆಪ್ತಸಮಾಲೋಚನೆ ಅನ್ನುತ್ತಾರೆ. ಬಿಡಿಸಿ ನೋಡಿದರೆ ಹತ್ತಿರದವರಂತೆ ಕೂತು ಜೊತೆಯಲ್ಲಿ ಯೋಚಿಸುವುದು. ಆಪ್ತಸಲಹೆ ಅಂತಲೂ ಹೇಳುತ್ತಾರೆ. ನನಗೆ ಮೊದಲನೆಯದೇ ಇಷ್ಟ. ಸಲಹೆ ಅಂದ ಕೂಡಲೇ ಬುದ್ಧಿ ಹೇಳುವುದು ಅಂತ ಆಗಿಬಿಡುತ್ತದೆ. ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಬರ ಇಲ್ಲವಲ್ಲ!

ಯಾವ ಕೋರ್ಸು?

ಸಾಮಾನ್ಯವಾದ ದಾರಿ ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್‌ಸಿ. ಕೆಲವು ಕಡೆ ಅದರ ಹೆಸರು ಸುಮ್ನೆ ಸೈಕಾಲಜಿ, ಕೆಲವು ಕಡೆ ಕೌನ್ಸೆಲಿಂಗ್ ಸೈಕಾಲಜಿ. ಮೊದಲನೆಯದರಲ್ಲಿ ಮನಸ್ಸಿನ ಬಗೆಗಿನ ವಿಜ್ಞಾನ ಜಾಸ್ತಿ, ಎರಡನೆಯದರಲ್ಲಿ ಜನರ ಎದುರು ಕೂರುವ ಕಸುಬು ಜಾಸ್ತಿ. ಡಿಗ್ರಿಯಲ್ಲಿ ಸೈಕಾಲಜಿ ಓದಿರಲೇಬೇಕಾ ಅನ್ನುವುದು ಆಯಾ ವಿಶ್ವವಿದ್ಯಾಲಯದ ನಿಯಮ. ಅರ್ಜಿ ಹಾಕುವ ಮುಂಚೆ ಅದನ್ನು ನೋಡಿಕೊಳ್ಳಬೇಕು.

ಕರ್ನಾಟಕಕ್ಕೆ ಸೈಕಾಲಜಿ ಹೊಸದೇನೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಇದರ ವಿಭಾಗ ಶುರುವಾಗಿದ್ದು 1924ರಲ್ಲಿ. ಅದನ್ನು ಕಟ್ಟಿದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದ್ದು, 'ಆಕಾಶವಾಣಿ' ಅಂತ ಹೆಸರು ಬಂದಿದ್ದು ಆ ಕೇಂದ್ರದಿಂದ. ಕೇಳಿಸಿಕೊಳ್ಳುವ ವಿದ್ಯೆಯ ಮೇಷ್ಟ್ರು ಕೇಳಿಸುವ ಪೆಟ್ಟಿಗೆಯ ಹಿಂದೆ ಬಿದ್ದಿದ್ದು ನೋಡಿ.

ಇನ್ನೊಂದು ದಾರಿ ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜ ಕಾರ್ಯದ ಪಿ.ಜಿ. ಇದರಲ್ಲಿ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯವನ್ನು ಆರಿಸಿಕೊಂಡವರು ಆಸ್ಪತ್ರೆ, ಕೌನ್ಸೆಲಿಂಗ್ ಕೇಂದ್ರಗಳಲ್ಲಿ ಕೆಲಸ ಮಾಡುತ್ತಾರೆ. ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಫೀಲ್ಡ್ ವರ್ಕ್ ಇರುತ್ತದೆ. ಹಳ್ಳಿಗೆ, ಕೊಳೆಗೇರಿಗೆ, ಆಸ್ಪತ್ರೆಗೆ ಹೋಗಲೇಬೇಕು. ಸೈಕಾಲಜಿ ಓದಿಲ್ಲದ, ಬೇರೆ ಸಬ್ಜೆಕ್ಟಿನ ಡಿಗ್ರಿ ಮಾಡಿದವರಿಗೂ ಸಾಮಾನ್ಯವಾಗಿ ಈ ಬಾಗಿಲು ತೆರೆದಿರುತ್ತದೆ.

ಒಂದು ವರ್ಷದ ಪಿ.ಜಿ. ಡಿಪ್ಲೊಮಾಗಳೂ ಇವೆ. ಮೇಷ್ಟ್ರು, ನರ್ಸ್, ಎಚ್.ಆರ್. ಕೆಲಸದವರು ತಮ್ಮ ಕೆಲಸದ ಜೊತೆಗೆ ಈ ಕೌಶಲ ಕಲಿಯೋಕೆ ಅದು ಚೆನ್ನಾಗಿದೆ. ಅದೊಂದನ್ನೇ ನಂಬಿ ಇದೇ ವೃತ್ತಿ ಅಂತ ಇಳಿಯುವುದು ಬೇರೆ ಮಾತು.

ಇನ್ನು ವಾರಾಂತ್ಯದ ಸರ್ಟಿಫಿಕೇಟ್. ಕೆಲವು ವರ್ಷಗಳ ಹಿಂದೆ ನಾನೇ ಅಂಥದ್ದೊಂದಕ್ಕೆ ದುಡ್ಡು ಕಟ್ಟಿ ಹೋಗಿದ್ದೆ. ಎರಡು ಭಾನುವಾರ, ದಿನಕ್ಕೆ 50 ಸ್ಲೈಡು, ಮಧ್ಯಾಹ್ನ ಚಿತ್ರಾನ್ನ, ಸಂಜೆ ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟ್. ಎರಡೂ ದಿನದಲ್ಲಿ ಒಂದು ಸಲವೂ ಯಾರೂ ಯಾರ ಎದುರೂ ಕೂತು ಮಾತಾಡಲಿಲ್ಲ. ಈಜು ಕಲಿಸುವವರು ಬಾವಿಯ ಚಿತ್ರ ತೋರಿಸಿ ಕಳಿಸಿದ ಹಾಗಾಯಿತು.

ಕ್ಲಾಸಿನಲ್ಲಿ ನಡೆಯುವುದೇನು?

ಪಿ.ಜಿ.ಯಲ್ಲಿ ಪುಸ್ತಕದ ಪಾಠ ಇದ್ದೇ ಇರುತ್ತದೆ. ಮನುಷ್ಯ ಹುಟ್ಟಿನಿಂದ ಮುಪ್ಪಿನವರೆಗೆ ಹೇಗೆ ಬೆಳೆಯುತ್ತಾನೆ, ಮನೋಕಾಯಿಲೆಗಳ ಲಕ್ಷಣ ಏನು, ಬುದ್ಧಿ ಮತ್ತು ಸ್ವಭಾವ ಅಳೆಯುವ ಪರೀಕ್ಷೆಗಳು ಹೇಗೆ ಕೆಲಸ ಮಾಡುತ್ತವೆ, ಗುಂಪು ಮತ್ತು ಕುಟುಂಬದ ಕೌನ್ಸೆಲಿಂಗ್ ಹೇಗೆ. ಸ್ಟ್ಯಾಟಿಸ್ಟಿಕ್ಸ್ ಕೂಡ ಇದೆ. ಗಣಿತ ಬಿಟ್ಟು ಓಡಿಬಂದವರು ಅಲ್ಲಿ ಮತ್ತೆ ಸಿಕ್ಕಿಬೀಳುತ್ತಾರೆ.

ಕೌನ್ಸೆಲಿಂಗಿನ ಪದ್ಧತಿಗಳು ಹಲವು. ಎರಡನ್ನು ಎಲ್ಲರೂ ಓದುತ್ತಾರೆ. ಒಂದು ಅಮೆರಿಕದ ಸೈಕಾಲಜಿಸ್ಟ್ ಕಾರ್ಲ್ ರೋಜರ್ಸ್ ಅವರದು. ಬಂದವರು ಬದಲಾಗಬೇಕಾದರೆ ಕೌನ್ಸೆಲರ್‌ಗೆ ಮೂರು ಗುಣ ಇರಬೇಕು ಅಂತ ಅವರು 1957ರಲ್ಲಿ ಬರೆದರು. ಎದುರಿನವರ ಕಣ್ಣಿಂದಲೇ ಅವರ ಕಷ್ಟ ನೋಡುವುದು, ಒಳಗೊಂದು ಹೊರಗೊಂದು ಇಲ್ಲದೆ ಇರುವುದು, ಅವರು ಏನೇ ಹೇಳಿದರೂ ಅವರನ್ನು ಕೀಳಾಗಿ ನೋಡದಿರುವುದು. ಇನ್ನೊಂದು 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಬೆಳೆಸಿದ್ದು. ನಮ್ಮ ಯೋಚನೆ, ನಮ್ಮ ಭಾವನೆ, ನಮ್ಮ ನಡವಳಿಕೆ ಒಂದಕ್ಕೊಂದು ಗಂಟು ಬಿದ್ದಿರುತ್ತವೆ, ಯೋಚನೆಯ ಎಳೆಯನ್ನು ಸರಿಯಾಗಿ ಹಿಡಿದರೆ ಗಂಟು ಸಡಿಲ ಆಗುತ್ತದೆ ಅನ್ನುವುದು ಅದರ ತಿರುಳು.

ಇಷ್ಟನ್ನು ಯಾರು ಬೇಕಾದರೂ ಓದಿ ಪರೀಕ್ಷೆ ಬರೆಯಬಹುದು. ನಿಜವಾದ ಕಲಿಕೆ ನಡೆಯುವುದು ಮೂವರ ಅಭ್ಯಾಸದಲ್ಲಿ. ಒಬ್ಬರು ಕೌನ್ಸೆಲರ್, ಒಬ್ಬರು ಕಷ್ಟ ಹೇಳಿಕೊಳ್ಳಲು ಬಂದವರು, ಮೂರನೆಯವರು ಪಕ್ಕದಲ್ಲಿ ಕೂತು ಸುಮ್ನೆ ನೋಡುತ್ತ ಬರೆದುಕೊಳ್ಳುವವರು. ಆಮೇಲೆ ಪಾತ್ರ ಬದಲಾಗುತ್ತದೆ. ಅದು ಹೇಗಿರುತ್ತದೆ ಅಂತ ನೋಡಿ. ಸಹಪಾಠಿಯೊಬ್ಬ ಚನ್ನಗಿರಿಯ ಕಡೆಯಿಂದ ಬಂದು ಹಾಸ್ಟೆಲಿನಲ್ಲಿರುವ ಪಿ.ಯು. ಹುಡುಗನ ಪಾತ್ರ ಮಾಡುತ್ತಾನೆ.

"ಪುಸ್ತಕ ಹಿಡಿದ್ರೆ ತಲೆಗೇ ಹೋಗ್ತಿಲ್ಲ ಮೇಡಂ. ಅಪ್ಪ ಅಡಿಕೆ ಮಾರಿ ಫೀಸ್ ಕಟ್ಯಾರ."

"ಟೆನ್ಷನ್ ಮಾಡ್ಕೋಬೇಡ. ಬೆಳಗ್ಗೆ ನಾಲ್ಕಕ್ಕೆ ಎದ್ದು ಓದು. ಎಲ್ಲಾ ಸರಿಹೋಗುತ್ತೆ."

"ಹ್ಞೂಂ ಮೇಡಂ."

ಅಲ್ಲಿಗೆ ಮಾತು ಮುಗಿಯಿತು. ಆ "ಹ್ಞೂಂ" ಎಂಥದ್ದು ಅಂತ ಮಕ್ಕಳಿದ್ದವರಿಗೆಲ್ಲ ಗೊತ್ತು. ಪಾಠ ಮಾಡುವವರು ಇದೇ ಜಾಗದಲ್ಲಿ ನಿಲ್ಲಿಸಿ ಕೇಳುತ್ತಾರೆ: ಅವನು ಎರಡು ವಾಕ್ಯ ಹೇಳಿದ, ನೀವು ಉತ್ತರ ಕೊಟ್ಟಿದ್ದು ಯಾವುದಕ್ಕೆ? ಮೊದಲನೆಯದಕ್ಕೆ. ಎರಡನೆಯ ವಾಕ್ಯದಲ್ಲಿದ್ದ ಅಡಿಕೆ ಎಲ್ಲಿ ಹೋಯಿತು? ಮತ್ತೆ ಶುರು.

"ಪುಸ್ತಕ ತೆಗೆದಾಗೆಲ್ಲ ಅಪ್ಪ ಕಟ್ಟಿದ ದುಡ್ಡು ನೆನಪಾಗುತ್ತಾ?"

ಅವನು ಸುಮ್ಮನಾಗುತ್ತಾನೆ. ಕಲಿಯುವವಳಿಗೆ ಬಾಯಿ ತುರಿಸುತ್ತದೆ. ಆದರೆ ಏನೂ ಹೇಳಬಾರದು. ಐದು ಸೆಕೆಂಡು, ಹತ್ತು ಸೆಕೆಂಡು. ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತ ಗೊತ್ತಾಗಬೇಕಾದರೆ ಗಡಿಯಾರ ಹಿಡಿದುಕೊಂಡು ಒಂದು ಸಲ ಮಾಡಿ ನೋಡಿ.

"ದಿನಾ ಫೋನ್ ಮಾಡ್ತಾರೆ ಮೇಡಂ. ಊಟ ಆಯ್ತಾ ಅಂತಷ್ಟೇ ಕೇಳ್ತಾರೆ. ಓದಿನ ಬಗ್ಗೆ ಏನೂ ಕೇಳಲ್ಲ. ಅದಕ್ಕೇ ನಂಗೆ ಜಾಸ್ತಿ ಆಗುತ್ತೆ. ರಾತ್ರಿ ನಿದ್ದೆ ಬರಲ್ಲ. ಒಂದೊಂದ್ಸಲ ಇದೆಲ್ಲಾ ಯಾಕೆ ಬೇಕು ಅನ್ಸುತ್ತೆ."

ಕೊನೆಯ ವಾಕ್ಯ ಕೇಳಿದಾಗ ಏನು ಮಾಡಬೇಕು ಅನ್ನುವುದೇ ತರಬೇತಿಯ ಬಹಳ ಮುಖ್ಯವಾದ ಪಾಠ. "ಹಂಗೆಲ್ಲಾ ಮಾತಾಡಬಾರದು" ಅಂತ ಬಾಯಿ ಮುಚ್ಚಿಸುವುದು ನಮ್ಮ ಅಭ್ಯಾಸ. ಸಾಯುವ ಯೋಚನೆ ಬರುತ್ತದೆಯೇ ಅಂತ ಕೇಳಿಬಿಟ್ಟರೆ ನಾವೇ ತಲೆಗೆ ತುಂಬಿದ ಹಾಗೆ ಆಗುತ್ತದೆ ಅನ್ನುವ ಭಯ ಬೇರೆ. ಸಂಶೋಧನೆಗಳು ಹೇಳುವುದು ಹಾಗಲ್ಲ. ನೇರವಾಗಿ, ಮೆತ್ತಗೆ ಕೇಳಿದರೆ ಆ ಯೋಚನೆ ಹೆಚ್ಚಾಗುವುದಿಲ್ಲ. ಬಹಳ ಜನಕ್ಕೆ ಹೇಳಿಕೊಂಡು ಹಗುರ ಆಗುತ್ತದೆ. ಹೇಗೆ ಕೇಳಬೇಕು, ಅಪಾಯ ಎಷ್ಟು ಹತ್ತಿರದಲ್ಲಿದೆ ಅಂತ ಹೇಗೆ ತಿಳಿಯಬೇಕು, ಯಾರಿಗೆ ತಿಳಿಸಬೇಕು, ಅಲ್ಲಿಯವರೆಗೆ ಅವನ ಜೊತೆ ಯಾರಿರಬೇಕು, ಇದನ್ನೆಲ್ಲ ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ.

ಇದನ್ನು ಓದುತ್ತಿರುವ ಯಾರಿಗಾದರೂ ಅಂಥ ಯೋಚನೆ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಅಭ್ಯಾಸ ಆದಮೇಲೆ ನಡೆದ ಮಾತನ್ನೆಲ್ಲ ಇದ್ದದ್ದು ಇದ್ದ ಹಾಗೆ ಬರೆಯಬೇಕು. ಅವನು ಏನಂದ, ನಾನು ಏನಂದೆ, ಆಗ ನನ್ನ ಮನಸ್ಸಿನಲ್ಲಿ ಏನಿತ್ತು. ಮೂರನೆಯ ಕಾಲಂ ಇದೆಯಲ್ಲ, ಅಲ್ಲೇ ಎಲ್ಲರೂ ಸಿಕ್ಕಿಬೀಳುವುದು. "ಅವನ ಅಪ್ಪನ ಬಗ್ಗೆ ಕೇಳಿದಾಗ ನನಗೆ ನಮ್ಮಪ್ಪ ನೆನಪಾದರು, ಅದಕ್ಕೇ ಬೇಗ ಮಾತು ತಿರುಗಿಸಿದೆ" ಅಂತ ಬರೆಯುವ ದಿನ ಬರುತ್ತದೆ. ಅದಕ್ಕೇ ಕೆಲವು ಕೋರ್ಸುಗಳಲ್ಲಿ ಕಲಿಯುವವರೇ ಒಬ್ಬ ಕೌನ್ಸೆಲರ್ ಹತ್ತಿರ ಹೋಗಿ ಕೂರಬೇಕು ಅಂತ ಹೇಳುತ್ತಾರೆ.

ಗುಟ್ಟು ಕಾಯುವುದು, ಗುಟ್ಟು ಬಿಡುವುದು

ಒಳಗೆ ಆಡಿದ ಮಾತು ಹೊರಗೆ ಹೋಗಬಾರದು. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರಲ್ಲಿ ರೋಗಿಯ ಮಾಹಿತಿ ಗುಟ್ಟಾಗಿರುವುದು ಅವರ ಹಕ್ಕು ಅಂತಲೇ ಇದೆ. ಆದರೆ ಇದಕ್ಕೆ ಗಡಿ ಇದೆ. ಜೀವಕ್ಕೆ ಅಪಾಯ ಇದ್ದರೆ ತಿಳಿಸಬೇಕಾದವರಿಗೆ ತಿಳಿಸಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ಹೇಳಲೇಬೇಕು. ಕೌನ್ಸೆಲರ್‌ಗೂ ಅದರಿಂದ ವಿನಾಯಿತಿ ಇಲ್ಲ. ಈ ಗಡಿಯನ್ನು ಮೊದಲ ದಿನವೇ ಬಂದವರಿಗೆ ಹೇಳಿಬಿಡಬೇಕು ಅಂತ ಕಲಿಸುತ್ತಾರೆ.

ಪುಸ್ತಕಗಳು ಬಹುತೇಕ ದೊಡ್ಡ ಊರಿನವರಿಗೆ ಬರೆದವು. ನಮ್ಮಂಥ ಊರಿನ ಪಾಡು ಬೇರೆ. ಕೌನ್ಸೆಲಿಂಗಿಗೆ ಬಂದವರು ನೋಡಿದರೆ ನಿಮ್ಮ ಬೀಗರ ಅಳಿಯ. ಇಲ್ಲವೇ ನಿಮ್ಮ ಮಗನ ಟ್ಯೂಷನ್ ಮೇಡಂ. ಮೊದಲೇ ಪರಿಚಯ, ಸಂಬಂಧ ಇರುವವರನ್ನು ತೆಗೆದುಕೊಳ್ಳದೆ ಬೇರೆಯವರ ಹತ್ತಿರ ಕಳಿಸಬೇಕು ಅನ್ನುವುದು ನಿಯಮ. ಇನ್ನೂ ಒಂದಿದೆ. ಭಾನುವಾರ ಬೆಣ್ಣೆ ದೋಸೆ ಹೋಟೆಲಿನಲ್ಲಿ ಎದುರು ಟೇಬಲಿಗೆ ನಿಮ್ಮ ಹತ್ತಿರ ಬರುವವರೇ ಸಂಸಾರ ಸಮೇತ ಬಂದು ಕೂತರು. ಮಾತಾಡಿಸಬೇಕಾ? ಅವರಾಗಿ ಮಾತಾಡಿಸಿದರೆ ಮಾತ್ರ. ಇಲ್ಲದಿದ್ದರೆ ದೋಸೆ ಮೇಲೆ ಕಣ್ಣು. ಯಾಕಂದರೆ ನೀವು "ಹೇಗಿದೀರಾ?" ಅಂದ ಕೂಡಲೇ ಅವರ ಅತ್ತೆ "ಯಾರದು?" ಅನ್ನುತ್ತಾರೆ.

ಗಂಟೆಗಳ ಲೆಕ್ಕ

ಪಿ.ಜಿ. ಕೋರ್ಸನ್ನು ಅಳೆಯುವ ಸರಿಯಾದ ಅಳತೆಗೋಲು ಇಲ್ಲಿದೆ: ನಿಜವಾದ ಜನರ ಎದುರು ಎಷ್ಟು ಗಂಟೆ ಕೂರುತ್ತೀರಿ, ಯಾರ ಮೇಲ್ವಿಚಾರಣೆಯಲ್ಲಿ?

ದಾವಣಗೆರೆಯಲ್ಲಿ ಹೌಸ್ ಸರ್ಜನ್ ಅಂದರೆ ಎಲ್ಲರಿಗೂ ಗೊತ್ತು. ಮೆಡಿಕಲ್ ಕಾಲೇಜಿನ ಊರು. ಎಂ.ಬಿ.ಬಿ.ಎಸ್. ಪರೀಕ್ಷೆ ಪಾಸಾದ ಮಾತ್ರಕ್ಕೆ ಬೋರ್ಡ್ ಹಾಕುವ ಹಾಗಿಲ್ಲ. ಒಂದು ವರ್ಷ ದೊಡ್ಡ ಡಾಕ್ಟರ ಕೈಕೆಳಗೆ ವಾರ್ಡಿನಲ್ಲಿ ಓಡಾಡಬೇಕು. ಕೌನ್ಸೆಲಿಂಗಿನಲ್ಲೂ ಅಂಥದ್ದೇ ಇಂಟರ್ನ್‌ಶಿಪ್ ಇರುತ್ತದೆ. ಶಾಲೆ, ಆಸ್ಪತ್ರೆ, ವ್ಯಸನಮುಕ್ತಿ ಕೇಂದ್ರ, ವೃದ್ಧಾಶ್ರಮ, ಹೀಗೆ. ಅಲ್ಲಿ ಕಂಡವರ ಬಗ್ಗೆ ವಾರ ವಾರ ಸೂಪರ್‌ವೈಸರ್ ಜೊತೆ ಕೂತು ಚರ್ಚೆ ಮಾಡಬೇಕು.

ಅಮೆರಿಕದಲ್ಲಿ ಈ ಲೆಕ್ಕ ಬಹಳ ಕಟ್ಟುನಿಟ್ಟು. ಅಲ್ಲಿ ಕೌನ್ಸೆಲಿಂಗ್ ಪಿ.ಜಿ.ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಕೇಕ್ರೆಪ್. ಅದರ ನಿಯಮದಂತೆ ಮೊದಲು 100 ಗಂಟೆಯ ಪ್ರಾಯೋಗಿಕ ತರಬೇತಿ, ಅದರಲ್ಲಿ 40 ಗಂಟೆ ಜನರ ಎದುರೇ. ಆಮೇಲೆ 600 ಗಂಟೆಯ ಇಂಟರ್ನ್‌ಶಿಪ್, ಅದರಲ್ಲಿ 240 ಗಂಟೆ ಜನರ ಎದುರು. ಡಿಗ್ರಿ ಸಿಕ್ಕಮೇಲೂ ಲೈಸೆನ್ಸ್ ಬೇಕಾದರೆ ಮತ್ತೆ ಸಾವಿರಾರು ಗಂಟೆ ಮೇಲ್ವಿಚಾರಣೆಯಲ್ಲಿ ಕೆಲಸ. ಹಲವು ರಾಜ್ಯಗಳಲ್ಲಿ ಅದು 3000ದ ಆಸುಪಾಸು. ಅಷ್ಟು ದಿನ ಎಲ್ ಬೋರ್ಡ್ ಹಾಕಿಕೊಂಡೇ ಗಾಡಿ ಓಡಿಸಿದ ಹಾಗೆ.

ನಮ್ಮಲ್ಲಿ ಕೌನ್ಸೆಲಿಂಗ್ ಕೋರ್ಸುಗಳ ಗಂಟೆ ಒಂದೊಂದು ಕಡೆ ಒಂದೊಂದು ಥರ. ಕೆಲವು ಕಡೆ ಎರಡನೇ ವರ್ಷ ಪೂರ್ತಿ ಆಸ್ಪತ್ರೆ, ಶಾಲೆ ಅಂತ ಓಡಾಟ. ಕೆಲವು ಕಡೆ ರಿಪೋರ್ಟಿನ ಮೇಲೆ ಒಂದು ಸೀಲು. ದೂರಶಿಕ್ಷಣದ ಬಾಗಿಲು ಯಾಕೆ ಮುಚ್ಚಿತು ಅಂತ ಈಗ ಊಹಿಸಬಹುದು. ಪುಸ್ತಕ ಪೋಸ್ಟಿನಲ್ಲಿ ಬರುತ್ತದೆ. ಪಕ್ಕದಲ್ಲಿ ಕೂತು ತಪ್ಪು ತೋರಿಸುವವರು ಪೋಸ್ಟಿನಲ್ಲಿ ಬರುವುದಿಲ್ಲ.

ಲೈಸೆನ್ಸ್ ಇದೆಯಾ?

ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹಾಕಿಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್.ಸಿ.ಐ.ನಲ್ಲಿ ನೋಂದಣಿ ಆಗಿರಬೇಕು. 1992ರ ಕಾಯ್ದೆಯ ಸಂಸ್ಥೆ ಅದು. ಬಹಳ ವರ್ಷ ಅದಕ್ಕೆ ಮುಖ್ಯ ದಾರಿ ಪಿ.ಜಿ. ಆದಮೇಲೆ ಎರಡು ವರ್ಷದ ಎಂ.ಫಿಲ್. ನಮ್ಮ ಕಡೆಯವರು ಅದಕ್ಕೆ ಮಾನಸಿಕ ಆರೋಗ್ಯದ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಕಡೆ ನೋಡುತ್ತಿದ್ದರು. ಯು.ಜಿ.ಸಿ. 2022ರಲ್ಲಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕ್ಕೆ ಮಾತ್ರ 2025-26ರವರೆಗೆ ಅವಕಾಶ ಮುಂದುವರಿಸಿತು. ಈಗ ಆ ಜಾಗಕ್ಕೆ ಹೊಸ ಕೋರ್ಸುಗಳು ಬರುತ್ತಿವೆ. ಹಾಗಾಗಿ ಐದು ವರ್ಷ ಹಿಂದೆ ಓದಿದವರ ಮಾತು ಕೇಳಿ ದಾರಿ ಹಿಡಿಯಬೇಡಿ.

ಕೌನ್ಸೆಲರ್‌ಗಳಿಗೆ ಇಂಥ ಒಂದು ಬಿಗಿಯಾದ ಲೈಸೆನ್ಸ್ ಬಹಳ ಕಾಲ ಇರಲಿಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಬಹುದಿತ್ತು. 2021ರಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಇತರ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಅದರ ಪಟ್ಟಿಯಲ್ಲಿ ಕ್ಲಿನಿಕಲ್ ಅಲ್ಲದ ಸೈಕಾಲಜಿಸ್ಟರು, ನಾನಾ ಬಗೆಯ ಆರೋಗ್ಯ ಕೌನ್ಸೆಲರುಗಳು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಎಲ್ಲ ಇದ್ದಾರೆ. ರಾಜ್ಯ ಮಟ್ಟದಲ್ಲಿ ಕೌನ್ಸಿಲ್ ಆಗಬೇಕು, ಅರ್ಹರ ಹೆಸರು ರಿಜಿಸ್ಟರಿನಲ್ಲಿ ಇರಬೇಕು ಅನ್ನುತ್ತದೆ ಆ ಕಾಯ್ದೆ. ಯು.ಜಿ.ಸಿ. ದೂರಶಿಕ್ಷಣ ನಿಲ್ಲಿಸಿದ್ದು ಇದೇ ಕಾಯ್ದೆಯ ಹೆಸರು ಹೇಳಿ. ಇವತ್ತು ಕೋರ್ಸ್ ಸೇರುವವರು ನಾಳೆ ಆ ರಿಜಿಸ್ಟರಿನಲ್ಲಿ ಹೆಸರು ಬರುವ ಹಾಗಿದೆಯೇ ಅಂತ ನೋಡಿಕೊಳ್ಳಬೇಕು.

ನಮ್ಮ ಕಡೆ ಕೆಲಸ ಎಲ್ಲಿ?

ಮೊಳಕಾಲ್ಮುರು ದಾಟಿದರೆ ಸಿಗುವ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಒಂದು ಪ್ರಯೋಗ ಮಾಡಿದರು. ಮನೋಚಿಕಿತ್ಸೆಗೆ ಬೆಂಗಳೂರಿಗೇ ಯಾಕೆ ಬರಬೇಕು, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡೋಕೆ ಆಗುತ್ತದಾ ಅಂತ ನೋಡಿದ್ದು. ಅದೇ 'ಬಳ್ಳಾರಿ ಮಾದರಿ' ಅಂತ ಹೆಸರಾಗಿ, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಗಲು ದಾರಿಯಾಯಿತು. ಈ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಸೈಕಾಲಜಿಸ್ಟ್, ಸಮಾಜ ಕಾರ್ಯಕರ್ತರ ಹುದ್ದೆಗಳಿವೆ.

ಇದಲ್ಲದೆ ಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್, ಎಚ್.ಐ.ವಿ. ಪರೀಕ್ಷೆಯ ಐ.ಸಿ.ಟಿ.ಸಿ. ಕೇಂದ್ರ, ಮಹಿಳೆಯರಿಗಾಗಿ ಸಾಂತ್ವನ ಮತ್ತು ಸಖಿ ಕೇಂದ್ರ, ಕೌಟುಂಬಿಕ ನ್ಯಾಯಾಲಯ, ವ್ಯಸನಮುಕ್ತಿ ಕೇಂದ್ರ, ಇವೆಲ್ಲ ಕೌನ್ಸೆಲರ್ ಬೇಕಾಗುವ ಜಾಗಗಳು. ಸರ್ಕಾರಿ ಯೋಜನೆಗಳ ಇಂಥ ಹುದ್ದೆಗಳಲ್ಲಿ ಬಹಳಷ್ಟು ಗುತ್ತಿಗೆಯವು ಅನ್ನುವುದನ್ನು ಮರೆಯಬಾರದು. ಸುಪ್ರೀಂ ಕೋರ್ಟ್ ಮಾತಿನಿಂದ ಈಗ ಶಾಲೆ ಕಾಲೇಜುಗಳೂ ಹುಡುಕುತ್ತಿವೆ. ಕನ್ನಡ ಬಲ್ಲ, ನಮ್ಮ ಮಾತಿನ ಧಾಟಿ ಬಲ್ಲ ಕೌನ್ಸೆಲರ್ ಬೆಲೆ ಇಲ್ಲಿ ಬೇರೆ. "ಹೊಟ್ಟ್ಯಾಗೆ ಸಂಕಟ ಆಗ್ತೈತಿ" ಅಂತ ಜಗಳೂರಿನ ಹೆಣ್ಣುಮಗಳು ಹೇಳಿದರೆ ಅದು ಹೊಟ್ಟೆಯ ಮಾತೋ ಮನಸ್ಸಿನ ಮಾತೋ ಅಂತ ಯಾವ ಇಂಗ್ಲಿಷ್ ಪುಸ್ತಕ ಹೇಳಿಕೊಡುತ್ತದೆ?

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ ಮಾಡಿತ್ತು. ಬೇರೆ ಬೇರೆ ಮನೋಕಾಯಿಲೆ ಇದ್ದವರಲ್ಲಿ ಶೇ. 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲ ಅಂತ ಅದರಲ್ಲಿ ಗೊತ್ತಾಯಿತು. ಕೆಲಸ ಇದೆಯಾ ಅನ್ನುವ ಪ್ರಶ್ನೆಗೆ ಉತ್ತರ ಅಲ್ಲಿದೆ. ಸಂಬಳ ಕೊಡುವವರು ಎಷ್ಟು ಜನ ಅನ್ನುವುದು ಬೇರೆ ಪ್ರಶ್ನೆ.

ಸೇರುವ ಮುಂಚೆ ಒಂದು ಫೋನ್

ಅಕ್ಕನ ಮಗಳು ಕೊನೆಗೆ ಎರಡು ಕಡೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ, ಸ್ಪೀಕರ್ ಹಾಕಿದ್ದಳು. ಕೇಳಿದ್ದು ನಾಲ್ಕೇ ಪ್ರಶ್ನೆ. ಇಂಟರ್ನ್‌ಶಿಪ್ ಎಲ್ಲಿ? ಜನರ ಎದುರು ಎಷ್ಟು ಗಂಟೆ? ಸೂಪರ್‌ವೈಸರ್ ಯಾರು, ಅವರು ಸ್ವತಃ ಕೌನ್ಸೆಲಿಂಗ್ ಮಾಡ್ತಾರಾ? ಹಿಂದಿನ ಬ್ಯಾಚಿನ ಇಬ್ಬರ ಜೊತೆ ಮಾತಾಡಬಹುದಾ?

ಮೊದಲನೆಯ ಕಡೆಯವರು ಫೀಸು, ಹಾಸ್ಟೆಲ್, ಬಸ್ಸು, ಪ್ಲೇಸ್‌ಮೆಂಟ್ ಎಲ್ಲ ಪಟಪಟ ಹೇಳಿದರು. ಗಂಟೆ ಎಷ್ಟು ಅಂದಾಗ "ಕಾಲೇಜ್ ಟೈಮಿಂಗಾ ಮೇಡಂ? ಹತ್ತರಿಂದ ನಾಲ್ಕು" ಅಂದರು.

ಎರಡನೆಯ ಕಡೆ ಎತ್ತಿದ್ದು ಪಾಠ ಮಾಡುವ ಮೇಡಂ ಒಬ್ಬರು. ಮೊದಲ ಸೆಮಿಸ್ಟರಿನಲ್ಲಿ ಯಾರನ್ನೂ ನೋಡುವ ಹಾಗಿಲ್ಲ, ಸಹಪಾಠಿಗಳ ಜೊತೆ ಅಭ್ಯಾಸ ಮಾತ್ರ ಅಂದರು. ಎರಡನೇ ವರ್ಷ ವಾರಕ್ಕೆ ಮೂರು ದಿನ ಆಸ್ಪತ್ರೆ, ಶನಿವಾರ ನಾನೇ ನಿಮ್ಮ ಬರಹ ನೋಡ್ತೀನಿ ಅಂದರು. ಆಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು: "ನೀನು ಯಾಕಮ್ಮ ಇದಕ್ಕೆ ಬರ್ತಿದ್ದೀಯಾ?"

ಇವಳು ಏನೋ ಹೇಳಲು ಹೋಗಿ ನಿಂತಳು. ಆ ಕಡೆಯಿಂದ ಮೇಡಂ ಏನೂ ಮಾತಾಡಲಿಲ್ಲ. ಹತ್ತು ಸೆಕೆಂಡಾದರೂ ಆಗಿರಬೇಕು. ಫೋನ್ ಕಟ್ ಆಯಿತೇನೋ ಅಂತ ನಾನು ಸ್ಕ್ರೀನ್ ನೋಡಿದೆ. ಕಟ್ ಆಗಿರಲಿಲ್ಲ. ಆಮೇಲೆ ಇವಳು ಹೇಳೋಕೆ ಶುರು ಮಾಡಿದಳು, ನಮಗ್ಯಾರಿಗೂ ಗೊತ್ತಿರದ ಒಂದು ವಿಷಯ. ನಾನು ಎದ್ದು ಪಡಸಾಲೆಗೆ ಹೋಗಿ ಅವ್ವನ ಜೊತೆ ಶೇಂಗಾ ಸುಲಿಯುತ್ತ ಕೂತೆ.